ಔಷಧವು ಕೋಶಪೊರೆಯನ್ನು ದಾಟುವ ಬಗೆ: ಅರ್ನೆಸ್ಟ್ ಓವರ್ಟನ್ ಸಂಶೋಧನೆ ಮತ್ತು ಅದರ ಮುಂದಿನ ಶತಮಾನ

ನುಂಗಿದ ಮಾತ್ರೆ ತಾನು ಕೆಲಸ ಮಾಡಬೇಕಾದ ಜಾಗವನ್ನು ಮುಟ್ಟುವ ಮೊದಲು ಅದರ ಅಣುಗಳು ಹಲವು ಕೋಶಪೊರೆಗಳನ್ನು ದಾಟಬೇಕಾಗುತ್ತದೆ. ಕರುಳಿನ ಒಳಮೈಯನ್ನು ಹೊದ್ದಿರುವ ಜೀವಕೋಶವನ್ನು ಈ ಬದಿಯಿಂದ ಹೊಕ್ಕು ಆ ಬದಿಯಿಂದ ಹೊರಬಿದ್ದು ರಕ್ತದತ್ತ ಸಾಗುವಷ್ಟರಲ್ಲೇ ಎರಡು ಪೊರೆಗಳು ಎದುರಾಗಿರುತ್ತವೆ. ಮಿದುಳಿಗೆ ಹೋಗಬೇಕಾದ ಔಷಧಕ್ಕೆ ಅಲ್ಲಿನ ಲೋಮನಾಳಗಳ ಗೋಡೆಯಲ್ಲಿ ಮತ್ತೆ ಎರಡು. ಗುರಿ ಕೋಶದ ಒಳಗಿದ್ದರೆ ಇನ್ನೂ ಒಂದು. ಪ್ರತಿಯೊಂದು ಪೊರೆಯ ದಪ್ಪ ಸುಮಾರು 5 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲು. ಇಷ್ಟು ತೆಳುವಾದ ಪದರವು ಒಂದು ಸಂಯುಕ್ತವನ್ನು ಕ್ಷಣಮಾತ್ರದಲ್ಲಿ ಒಳಬಿಟ್ಟು, ರಚನೆಯಲ್ಲಿ ಅದಕ್ಕೆ ತೀರ ಹತ್ತಿರವಿರುವ ಇನ್ನೊಂದನ್ನು ಗಂಟೆಗಟ್ಟಲೆ ಹೊರಗೆ ನಿಲ್ಲಿಸುತ್ತದೆ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ರೋಗಾಣುವನ್ನು ಕೊಲ್ಲುವ ಎಷ್ಟೋ ಸಂಯುಕ್ತಗಳು ಔಷಧವಾಗದೆ ಉಳಿದುಹೋಗಲು ಒಂದು ಮುಖ್ಯ ಕಾರಣ, ಅವು ಈ ದಾಟುವಿಕೆಯಲ್ಲಿ ಸೋತದ್ದು.

ಯಾವುದು ದಾಟುತ್ತದೆ, ಯಾವುದು ದಾಟುವುದಿಲ್ಲ ಎಂಬುದಕ್ಕೆ ಮೊದಲ ನಿಯಮವನ್ನು ಕಂಡುಕೊಟ್ಟವನು ವೈದ್ಯನಲ್ಲ, ಸಸ್ಯವಿಜ್ಞಾನಿ. ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್ ಹುಟ್ಟಿದ್ದು 1865ರಲ್ಲಿ, ಇಂಗ್ಲೆಂಡಿನ ಚೆಶೈರ್ ಪ್ರಾಂತದಲ್ಲಿ. ಹದಿಹರೆಯದಲ್ಲೇ ಸ್ವಿಟ್ಜರ್ಲೆಂಡಿಗೆ ಹೋಗಿ, ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನ ಓದಿ, ಅಲ್ಲಿಯೇ ಅಧ್ಯಾಪಕನಾದ. ಸಸ್ಯಕೋಶವನ್ನು ಗಾಢವಾದ ಸಕ್ಕರೆ ದ್ರಾವಣದಲ್ಲಿ ಇಟ್ಟರೆ ಒಳಗಿನ ನೀರು ಹೊರಕ್ಕೆ ಹರಿದು, ಜೀವರಸ ಕುಗ್ಗಿ, ಕೋಶಭಿತ್ತಿಯಿಂದ ಬಿಟ್ಟುಕೊಳ್ಳುತ್ತದೆ. ಸೂಕ್ಷ್ಮದರ್ಶಕದಡಿ ಇದು ಸ್ಪಷ್ಟವಾಗಿ ಕಾಣುತ್ತದೆ. ನೀರು ಮಾತ್ರ ಸಲೀಸಾಗಿ ಹಾಯುತ್ತದೆ, ಕರಗಿದ ವಸ್ತುಗಳು ಹೊರಗೇ ನಿಲ್ಲುತ್ತವೆ ಎಂಬುದು ಆ ಕಾಲದ ಸಾಮಾನ್ಯ ನಂಬಿಕೆ. ಓವರ್ಟನ್ ನೀರುಗಿಡವೊಂದರ ಬೇರಿನ ರೋಮಗಳನ್ನು ತೆಗೆದುಕೊಂಡು, ಕುಗ್ಗಿಸಲು ಇನ್ನೇನು ಸಾಕು ಎನ್ನುವಷ್ಟು ಸಕ್ಕರೆಯ ದ್ರಾವಣಕ್ಕೆ ಸ್ವಲ್ಪ ಆಲ್ಕೊಹಾಲ್ ಬೆರೆಸಿದ. ಅಭಿಸರಣದ ಲೆಕ್ಕದಂತೆ ಕೋಶಗಳು ಚೆನ್ನಾಗಿ ಕುಗ್ಗಬೇಕಿತ್ತು. ಅವು ಕುಗ್ಗಲಿಲ್ಲ. ಆಲ್ಕೊಹಾಲ್ ಒಳಗೂ ಹೊರಗೂ ಸಮನಾಗಿ ಹರಡಿಕೊಂಡುಬಿಟ್ಟಿತ್ತು. ನೀರನ್ನು ಹೊರಕ್ಕೆ ಎಳೆಯುವ ಬಲವೇ ಅದಕ್ಕೆ ಉಳಿದಿರಲಿಲ್ಲ.

ಈ ಒಂದು ವೀಕ್ಷಣೆ ಅವನ ಕೈಗೆ ಅಳತೆಗೋಲಾಗಿ ಬಂತು. ಒಂದು ವಸ್ತು ಕೋಶವನ್ನು ಕುಗ್ಗಿಸದಿದ್ದರೆ ಅದು ಕೂಡಲೇ ಒಳಹೊಕ್ಕಿದೆ. ಕುಗ್ಗಿಸಿ ಹಾಗೇ ಉಳಿಸಿದರೆ ಹೊಕ್ಕಿಲ್ಲ. ಕುಗ್ಗಿದ ಕೋಶ ನಿಧಾನವಾಗಿ ಮತ್ತೆ ಹಿಗ್ಗಿದರೆ, ಹಿಗ್ಗಲು ತೆಗೆದುಕೊಂಡ ಸಮಯವೇ ಒಳಹೋಗುವ ವೇಗದ ಲೆಕ್ಕ. ಬೇಕಾದ ಉಪಕರಣ ಸೂಕ್ಷ್ಮದರ್ಶಕ ಮತ್ತು ಗಡಿಯಾರ ಮಾತ್ರ. ಕೆಲವೇ ವರ್ಷಗಳಲ್ಲಿ ಓವರ್ಟನ್ ಸುಮಾರು 500 ಸಂಯುಕ್ತಗಳನ್ನು ಹೀಗೆ ಪರೀಕ್ಷಿಸಿದ. ಸಸ್ಯಕೋಶಗಳ ಮೇಲೆ ಮಾತ್ರವಲ್ಲ, ಕಪ್ಪೆಯ ಸ್ನಾಯುವಿನಂಥ ಪ್ರಾಣಿ ಅಂಗಾಂಶಗಳ ಮೇಲೂ. ಹೊರನೋಟಕ್ಕೆ ಯಾವ ಹೋಲಿಕೆಯೂ ಇಲ್ಲದ ಈ ಕೋಶಗಳು ದಾಟಗೊಡುವ ವಿಷಯದಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಂಡವು.

ಅವನ ಪಟ್ಟಿಯಲ್ಲಿ ತುಂಬ ಕಲಿಸುವ ಭಾಗವೆಂದರೆ ಆಲ್ಕೊಹಾಲುಗಳ ಸಾಲು. ಒಂದೇ ಹೈಡ್ರಾಕ್ಸಿಲ್ ಗುಂಪಿರುವ ಸಾಮಾನ್ಯ ಆಲ್ಕೊಹಾಲ್ ಕ್ಷಣದಲ್ಲಿ ಒಳಹೋಗುತ್ತದೆ. ಎರಡು ಗುಂಪುಗಳಿರುವ ಗ್ಲೈಕಾಲ್ ನಿಮಿಷಗಳನ್ನು ತೆಗೆದುಕೊಳ್ಳುತ್ತದೆ. ಮೂರಿರುವ ಗ್ಲಿಸರಾಲ್ ಅದಕ್ಕಿಂತ ನಿಧಾನ, ನಾಲ್ಕಿರುವ ಎರಿಥ್ರಿಟಾಲ್ ಇನ್ನೂ ನಿಧಾನ. ಆರು ಗುಂಪುಗಳಿರುವ ಮ್ಯಾನಿಟಾಲ್ ಹೊಕ್ಕಿದ್ದೇ ಕಾಣುವುದಿಲ್ಲ. ಅದೇ ಅಣುವಿಗೆ ಇಂಗಾಲದ ಸರಪಳಿಯನ್ನೋ ಮೀಥೈಲ್ ಗುಂಪನ್ನೋ ಜೋಡಿಸಿದರೆ ವೇಗ ಹೆಚ್ಚುತ್ತದೆ. ಈ ಏರಿಳಿತಕ್ಕೆ ಹೊಂದುವ ಒಂದೇ ಭೌತಿಕ ಗುಣ ಓವರ್ಟನ್‌ಗೆ ಕಂಡಿತು: ಸಂಯುಕ್ತ ನೀರಿಗಿಂತ ಎಣ್ಣೆಯಲ್ಲಿ ಎಷ್ಟು ಹೆಚ್ಚು ಕರಗುತ್ತದೆ ಎಂಬುದು. ಒಗ್ಗರಣೆ ಹಾಕಿದ ಸಾರಿನಲ್ಲಿ ಇಂಗಿನ ಪರಿಮಳ ಎಣ್ಣೆಯ ಪಾಲಾಗಿ, ಉಪ್ಪು ನೀರಿನಲ್ಲೇ ಉಳಿಯುವಂತೆ, ಪ್ರತಿ ಸಂಯುಕ್ತವೂ ಎಣ್ಣೆ ಮತ್ತು ನೀರಿನ ನಡುವೆ ತನ್ನದೇ ಪ್ರಮಾಣದಲ್ಲಿ ಹಂಚಿಕೊಳ್ಳುತ್ತದೆ. ಆಲಿವ್ ಎಣ್ಣೆ ಮತ್ತು ನೀರಿನ ನಡುವಿನ ಈ ಹಂಚಿಕೆಯ ಅನುಪಾತ ಹೆಚ್ಚಿದಷ್ಟೂ ಕೋಶವನ್ನು ಹೊಗುವ ವೇಗ ಹೆಚ್ಚು. 1899ರ ಪ್ರಬಂಧದಲ್ಲಿ ಓವರ್ಟನ್ ಇದರಿಂದ ತೀರ್ಮಾನಕ್ಕೆ ಬಂದ: ಕೋಶದ ಅಂಚಿನಲ್ಲಿ ಕೊಲೆಸ್ಟೆರಾಲ್ ಮತ್ತು ಲೆಸಿಥಿನ್‌ನಂಥ ಕೊಬ್ಬಿನ ಜಾತಿಯ ವಸ್ತುಗಳ ಲೇಪವಿದೆ, ದಾಟುವ ವಸ್ತು ಮೊದಲು ಅದರಲ್ಲಿ ಕರಗಬೇಕು. ಪೊರೆಯನ್ನು ಯಾರೂ ಕಂಡಿರದ ಕಾಲದಲ್ಲಿ ಅದರ ರಾಸಾಯನಿಕ ಸ್ವಭಾವವನ್ನು ಹೊರಗಿನ ನಡವಳಿಕೆಯಿಂದಲೇ ಊಹಿಸಿದ ಈ ಕೆಲಸ, ಜೀವವಿಜ್ಞಾನದ ಅತ್ಯಂತ ಸೊಗಸಾದ ತರ್ಕಗಳಲ್ಲಿ ಒಂದು.

ಔಷಧಶಾಸ್ತ್ರಕ್ಕೆ ಓವರ್ಟನ್ ಹತ್ತಿರವಾದದ್ದು ಗೊದಮೊಟ್ಟೆಗಳ ಮೂಲಕ. ನೀರಿಗೆ ಈಥರ್, ಕ್ಲೋರೋಫಾರ್ಮ್ ಅಥವಾ ಬೇರೆ ಅರಿವಳಿಕೆ ವಸ್ತುವನ್ನು ಅಳತೆಮಾಡಿ ಬೆರೆಸಿ ಗೊದಮೊಟ್ಟೆಗಳನ್ನು ಬಿಟ್ಟರೆ, ಒಂದು ಸಾಂದ್ರತೆಯಲ್ಲಿ ಅವು ಈಜುವುದನ್ನು ನಿಲ್ಲಿಸಿ ಚಲನೆಯಿಲ್ಲದೆ ಉಳಿಯುತ್ತವೆ. ಶುದ್ಧ ನೀರಿಗೆ ಹಾಕಿದರೆ ಮತ್ತೆ ಈಜುತ್ತವೆ. ಆ ಸಾಂದ್ರತೆಯನ್ನು ಎಣ್ಣೆ ಮತ್ತು ನೀರಿನ ಹಂಚಿಕೆಯ ಅನುಪಾತದಿಂದ ಗುಣಿಸಿದರೆ, ಎಷ್ಟೋ ಬಗೆಬಗೆಯ ವಸ್ತುಗಳಿಗೆ ಸರಿಸುಮಾರು ಒಂದೇ ಸಂಖ್ಯೆ ಬರುತ್ತಿತ್ತು. ಮಾರ್‌ಬುರ್ಗ್‌ನ ಹಾನ್ಸ್ ಹಾರ್ಸ್ಟ್ ಮೇಯರ್ ಅದೇ ಹೊತ್ತಿಗೆ ಸ್ವತಂತ್ರವಾಗಿ ಇದೇ ಫಲಿತಾಂಶ ಕಂಡಿದ್ದ. ಓವರ್ಟನ್‌ನ ಅರಿವಳಿಕೆಯ ಗ್ರಂಥ ಹೊರಬಂದದ್ದು 1901ರಲ್ಲಿ. ಎಣ್ಣೆಯಲ್ಲಿ ಕರಗುವುದರಿಂದಲೇ ಅರಿವು ತಪ್ಪುತ್ತದೆ ಎಂಬ ಅಂದಿನ ವಿವರಣೆ ಮುಂದೆ ನಿಲ್ಲಲಿಲ್ಲ. ಲಂಡನ್ನಿನ ನಿಕೊಲಸ್ ಫ್ರಾಂಕ್ಸ್ ಮತ್ತು ವಿಲಿಯಂ ಲೀಬ್ 1984ರಲ್ಲಿ ಕೊಬ್ಬಿನ ಲವಲೇಶವೂ ಇಲ್ಲದ ಒಂದು ಪ್ರೋಟೀನನ್ನು, ಮಿಂಚುಹುಳುವಿನ ಬೆಳಕಿನ ಕಿಣ್ವವನ್ನು, ಅದೇ ಅರಿವಳಿಕೆಗಳು ಅದೇ ಅನುಕ್ರಮದಲ್ಲಿ ತಡೆಯುವುದನ್ನು ತೋರಿಸಿದರು. ಅರಿವಳಿಕೆ ಕೆಲಸ ಮಾಡುವ ಜಾಗ ನರಕೋಶದ ಪ್ರೋಟೀನುಗಳು ಎಂಬುದು ಇಂದಿನ ಸಾಮಾನ್ಯ ಅಭಿಪ್ರಾಯ. ಔಷಧ ಹೇಗೆ ಕೆಲಸ ಮಾಡುತ್ತದೆ ಎಂಬ ಭಾಗ ಹೀಗೆ ಬದಲಾಯಿತು; ಹೇಗೆ ದಾಟುತ್ತದೆ ಎಂಬ ಭಾಗ ಉಳಿದುಕೊಂಡಿತು.

ತನ್ನ ನಿಯಮ ಎಲ್ಲಿ ಸಾಲದು ಎಂಬುದನ್ನೂ ಓವರ್ಟನ್ ಬರೆದಿಟ್ಟಿದ್ದ. ಸಕ್ಕರೆ, ಅಮೈನೊ ಆಮ್ಲ, ಲವಣಗಳು ಎಣ್ಣೆಯಲ್ಲಿ ಕರಗುವುದಿಲ್ಲ. ಆದರೂ ಕರುಳು ಅವನ್ನು ಹೀರುತ್ತದೆ, ಮೂತ್ರಪಿಂಡ ಅವನ್ನು ಸಾಗಿಸುತ್ತದೆ. ಗ್ರಂಥಿಗಳು ಸ್ರವಿಸುವ ಹಾಗೆ ಕೋಶಗಳು ಶಕ್ತಿ ವ್ಯಯಿಸಿ ವಸ್ತುಗಳನ್ನು ಒಯ್ಯುವ ಇನ್ನೊಂದು ಕ್ರಿಯೆ ಇರಲೇಬೇಕೆಂದು ಅವನು ಹೇಳಿದ. 1902ರಲ್ಲಿ ಕಪ್ಪೆಯ ಸ್ನಾಯುವನ್ನು ಸೋಡಿಯಂ ಇಲ್ಲದ ಸಕ್ಕರೆ ದ್ರಾವಣದಲ್ಲಿಟ್ಟಾಗ ಅದು ಪ್ರಚೋದನೆಗೆ ಮಣಿಯದೆ ಹೋಯಿತು. ಸೋಡಿಯಂ ಸೇರಿಸಿದಾಗ ಮತ್ತೆ ಮಿಡಿಯಿತು. ಪ್ರತಿ ಸಂಕೋಚನದಲ್ಲೂ ಸೋಡಿಯಂ ಒಳಗೆ ಬಂದು ಪೊಟ್ಯಾಸಿಯಂ ಹೊರಗೆ ಹೋಗುವುದಾದರೆ, ಎಪ್ಪತ್ತು ವರ್ಷ ಬಿಡದೆ ಬಡಿಯುವ ಹೃದಯದಲ್ಲಿ ಸೋಡಿಯಂ ತುಂಬಿಕೊಳ್ಳದಿರುವುದು ಹೇಗೆ ಎಂಬ ಪ್ರಶ್ನೆ ಅವನನ್ನು ಕಾಡಿತು. ಉತ್ತರ ಸಿಕ್ಕಿದ್ದು 1957ರಲ್ಲಿ, ಡೆನ್ಮಾರ್ಕಿನ ಯೆನ್ಸ್ ಸ್ಕೌ ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳನ್ನು ಸಾಗಿಸುವ ಕಿಣ್ವವನ್ನು ಕಂಡಾಗ. ಎಣ್ಣೆಯ ದಾರಿಯ ನಿಯಮ ಕೊಟ್ಟವನೇ ಎಣ್ಣೆಗೆ ಹೊರತಾದ ದಾರಿಯೂ ಇದೆಯೆಂದು ದಾಖಲಿಸಿದ್ದನ್ನು ಅನಂತರದವರು ಬಹುಕಾಲ ಗಮನಿಸಲಿಲ್ಲ. ಓವರ್ಟನ್ 1907ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯಕ್ಕೆ ಔಷಧಶಾಸ್ತ್ರದ ಪ್ರಾಧ್ಯಾಪಕನಾಗಿ ಹೋದ. ಅವನ ಪತ್ನಿ ಲೂಯಿಸ್ ಪೆಟ್ರೆನ್ ಗಣಿತದಲ್ಲಿ ಡಾಕ್ಟರೇಟ್ ಪಡೆದ ಸ್ವೀಡನ್ನಿನ ಮೊದಲ ಮಹಿಳೆ. ಓವರ್ಟನ್ ತೀರಿಕೊಂಡದ್ದು 1933ರಲ್ಲಿ.

ಎಣ್ಣೆಯ ಲೇಪ ಎಷ್ಟು ದಪ್ಪ ಎಂಬುದಕ್ಕೆ ಉತ್ತರ ಬಂದದ್ದು 1925ರಲ್ಲಿ, ಹಾಲೆಂಡಿನ ಲೈಡನ್ನಿನಿಂದ. ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳಿಂದ ಕೊಬ್ಬಿನ ಅಂಶವನ್ನು ಅಸಿಟೋನಿನಲ್ಲಿ ಬಿಡಿಸಿ, ನೀರಿನ ಮೇಲೆ ಒಂದೇ ಅಣುವಿನ ಪದರವಾಗಿ ಹರಡಿ ಅಳೆದರು. ಅದರ ವಿಸ್ತೀರ್ಣ ರಕ್ತಕಣಗಳ ಮೇಲ್ಮೈಯ ಎರಡರಷ್ಟಿತ್ತು. ಪೊರೆ ಎರಡು ಪದರಗಳದ್ದು ಎಂದಾಯಿತು. ಆ ಪ್ರಯೋಗದಲ್ಲಿ ಕೊಬ್ಬು ಪೂರ್ತಿ ಬಿಡಿಸಿಬಂದಿರಲಿಲ್ಲ, ಒಣಗಿದ ಕಣಗಳ ಮೇಲ್ಮೈಯನ್ನೂ ಕಡಿಮೆಯಾಗಿ ಎಣಿಸಲಾಗಿತ್ತು. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸಿ ಸರಿಯಾದ ಉತ್ತರ ಬಂದಿತ್ತು ಎಂಬುದು ನಾಲ್ಕು ದಶಕಗಳ ಬಳಿಕ ಗೊತ್ತಾಯಿತು. ಈ ಎರಡು ಪದರಗಳ ನಡುವೆ ಪ್ರೋಟೀನುಗಳು ತೇಲುವ ಚಿತ್ರವನ್ನು ಸಿಂಗರ್ ಮತ್ತು ನಿಕೊಲ್ಸನ್ ಕೊಟ್ಟದ್ದು 1972ರಲ್ಲಿ. ಕೊಬ್ಬಿನ ಪದರವೊಂದೇ ಇದ್ದರೆ ನೀರು ದಾಟುವುದಕ್ಕಿಂತ ಸೋಡಿಯಂ ಅಯಾನು ದಾಟುವುದು ನೂರು ಕೋಟಿ ಪಟ್ಟು ಕಷ್ಟ. ವಿದ್ಯುದಾವೇಶ ಹೊತ್ತ ಕಣಕ್ಕೆ ಎಣ್ಣೆಯೊಳಗೆ ಜಾಗವಿಲ್ಲ.

ಹೆಚ್ಚಿನ ಔಷಧಗಳು ದುರ್ಬಲ ಆಮ್ಲಗಳು ಅಥವಾ ದುರ್ಬಲ ಪ್ರತ್ಯಾಮ್ಲಗಳಾದ್ದರಿಂದ ಈ ಆವೇಶದ ಪ್ರಶ್ನೆ ವೈದ್ಯಕೀಯಕ್ಕೆ ನೇರವಾಗಿ ಸಂಬಂಧಿಸಿದೆ. ಅಂಥ ಅಣು ಸುತ್ತಲಿನ ಆಮ್ಲೀಯತೆಗೆ ತಕ್ಕಂತೆ ಒಮ್ಮೆ ಆವೇಶ ಹೊತ್ತು, ಒಮ್ಮೆ ಕಳಚಿ ಇರುತ್ತದೆ. ಸಸ್ಯಗಳ ಆಲ್ಕಲಾಯ್ಡುಗಳು ಲವಣರೂಪದಲ್ಲಿ ಕೋಶವನ್ನು ಹೊಗುವುದಿಲ್ಲ, ಮುಕ್ತರೂಪದಲ್ಲಿ ಬೇಗ ಹೊಗುತ್ತವೆ ಎಂದು ಓವರ್ಟನ್ ಆಗಲೇ ಕಂಡಿದ್ದ. ಅದನ್ನು ಔಷಧಗಳ ಸಾಮಾನ್ಯ ಸಿದ್ಧಾಂತವಾಗಿ ಬೆಳೆಸಿದವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಬರ್ನಾರ್ಡ್ ಬ್ರೋಡಿ ಮತ್ತು ಸಂಗಡಿಗರು. ಶೋರ್, ಬ್ರೋಡಿ, ಹಾಗ್ಬೆನ್ 1957ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಗಳ ರಕ್ತನಾಳಕ್ಕೆ ಔಷಧ ಕೊಟ್ಟು, ಜಠರರಸವನ್ನು ಸಂಗ್ರಹಿಸಿ ನೋಡಲಾಯಿತು. ಬಾಯಿಯಿಂದ ಏನನ್ನೂ ಕೊಡದಿದ್ದರೂ ಪ್ರತ್ಯಾಮ್ಲ ಸ್ವಭಾವದ ಔಷಧಗಳು ಜಠರರಸದಲ್ಲಿ ರಕ್ತದಲ್ಲಿದ್ದುದಕ್ಕಿಂತ ಹತ್ತಾರು ಪಟ್ಟು ಸೇರಿಕೊಂಡಿದ್ದವು. ಆಮ್ಲ ಸ್ವಭಾವದವು ಹೆಚ್ಚುಕಡಿಮೆ ಬಂದೇ ಇರಲಿಲ್ಲ. ರಕ್ತದಿಂದ ಆವೇಶವಿಲ್ಲದ ರೂಪದಲ್ಲಿ ದಾಟಿಬಂದ ಪ್ರತ್ಯಾಮ್ಲ, ಜಠರದ ಕಟು ಆಮ್ಲದಲ್ಲಿ ಆವೇಶ ಹೊತ್ತು, ಮರಳಿ ದಾಟಲಾರದೆ ಅಲ್ಲೇ ಸಿಕ್ಕಿಬೀಳುತ್ತದೆ.

ಆಸ್ಪಿರಿನ್ ಇದರ ವಿರುದ್ಧದ ಉದಾಹರಣೆ. ಅದರ ಅಯಾನೀಕರಣದ ಅಂಕ, ಅಂದರೆ ಅರ್ಧದಷ್ಟು ಅಣುಗಳು ಆವೇಶ ಹೊತ್ತಿರುವ ಪಿಎಚ್, ಸುಮಾರು 3.5. ಜಠರದ ಪಿಎಚ್ 1.5 ಇದ್ದಾಗ ನೂರಕ್ಕೆ ಒಂದರಷ್ಟು ಅಣುಗಳು ಮಾತ್ರ ಆವೇಶ ಹೊತ್ತಿರುತ್ತವೆ, ಉಳಿದವು ದಾಟಲು ಸಿದ್ಧ. ಪಿಎಚ್ 7.4 ಇರುವ ರಕ್ತಕ್ಕೆ ಬಂದೊಡನೆ ಲೆಕ್ಕ ತಿರುಗಿ, ಸುಮಾರು ಎಂಟು ಸಾವಿರ ಆವೇಶಿತ ಅಣುಗಳಿಗೆ ಒಂದು ಮಾತ್ರ ಆವೇಶವಿಲ್ಲದ್ದು ಉಳಿಯುತ್ತದೆ. ಆಸ್ಪಿರಿನ್ ಮಿತಿಮೀರಿ ನುಂಗಿದವರಿಗೆ ಆಸ್ಪತ್ರೆಯಲ್ಲಿ ಸೋಡಿಯಂ ಬೈಕಾರ್ಬೊನೇಟ್ ಏರಿಸುವುದು ಈ ಲೆಕ್ಕದ ಮೇಲೆಯೇ: ಮೂತ್ರ ಕ್ಷಾರೀಯವಾದರೆ ಅದರೊಳಗೆ ಬಂದ ಸ್ಯಾಲಿಸಿಲೇಟ್ ಮರಳಿ ರಕ್ತಕ್ಕೆ ದಾಟಲಾರದೆ ಹೊರಹೋಗುತ್ತದೆ. ಹಲ್ಲಿನ ವೈದ್ಯರಿಗೆ ಇದರ ಇನ್ನೊಂದು ಮುಖ ಚೆನ್ನಾಗಿ ಗೊತ್ತು. ಕೀವು ತುಂಬಿದ ಹಲ್ಲಿನ ಬುಡದಲ್ಲಿ ಲಿಡೊಕೇನ್ ಚುಚ್ಚುಮದ್ದು ಸರಿಯಾಗಿ ಹಿಡಿಯುವುದಿಲ್ಲ. ಉರಿಯೂತವಿರುವ ಅಂಗಾಂಶ ಆಮ್ಲೀಯವಾಗಿರುತ್ತದೆ. ಅಲ್ಲಿ ಲಿಡೊಕೇನಿನ ಹೆಚ್ಚಿನ ಪಾಲು ಆವೇಶ ಹೊತ್ತು ನರದ ಪೊರೆಯ ಹೊರಗೇ ನಿಂತುಬಿಡುತ್ತದೆ. ಲಿಡೊಕೇನ್ ನರದೊಳಗೆ ದಾಟುವುದು ಆವೇಶವಿಲ್ಲದ ರೂಪದಲ್ಲಿ, ಒಳಗೆ ಸೋಡಿಯಂ ನಾಳವನ್ನು ಮುಚ್ಚುವುದು ಆವೇಶಿತ ರೂಪದಲ್ಲಿ. ಎರಡೂ ರೂಪಗಳು ಬೇಕು, ಸರಿಯಾದ ಕಡೆ ಬೇಕು.

ಈ ಸಿದ್ಧಾಂತವನ್ನು ಅಕ್ಷರಶಃ ಹಿಡಿದರೆ ಆಸ್ಪಿರಿನ್ ಪೂರ್ತಿ ಜಠರದಲ್ಲೇ ಹೀರಲ್ಪಡಬೇಕು. ವಾಸ್ತವದಲ್ಲಿ ಅದರ ಬಹುಪಾಲು ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಜಠರದ ಒಳಮೈ ಕಿರಿದು, ಲೋಳೆಯಿಂದ ಮುಚ್ಚಿದ್ದು. ಕರುಳು ಮಡಿಕೆಗಳಿಂದ, ಬೆರಳಿನಂಥ ಚಾಚುಗಳಿಂದ ತನ್ನ ಒಳಮೈಯನ್ನು ಅಪಾರವಾಗಿ ಹಿಗ್ಗಿಸಿಕೊಂಡಿದೆ. ಹಳೆಯ ಪಠ್ಯಪುಸ್ತಕಗಳು ಅದನ್ನು 200 ಚದರ ಮೀಟರಿಗೂ ಹೆಚ್ಚೆಂದು ಬರೆಯುತ್ತಿದ್ದವು. 2014ರ ಮರು ಅಳತೆಯ ಪ್ರಕಾರ ಅದು ಸುಮಾರು 30 ಚದರ ಮೀಟರ್. ಅಷ್ಟಾದರೂ ಸಾಕು. ಆವೇಶವಿಲ್ಲದ ಅಣುಗಳ ಪಾಲು ಕಡಿಮೆಯಿದ್ದರೂ ದಾಟಲು ಸಿಗುವ ಜಾಗ ದೊಡ್ಡದು.

ಎಣ್ಣೆಯ ನಿಯಮ ಅಂಕಿಗಳ ಭಾಷೆಗೆ ಬಂದದ್ದು ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನ ಕಾರ್ವಿನ್ ಹಾನ್ಶ್ ಅವರಿಂದ. ಆಲಿವ್ ಎಣ್ಣೆಯ ಬದಲು ಆಕ್ಟನಾಲ್ ಎಂಬ ಶುದ್ಧ ದ್ರವವನ್ನು ಬಳಸಿ, ಹಂಚಿಕೆಯ ಅನುಪಾತದ ಲಾಗರಿದಂ ಅನ್ನು ಔಷಧದ ಪ್ರಭಾವದೊಂದಿಗೆ ಸಮೀಕರಣವಾಗಿ ಜೋಡಿಸಿದ ಅವರ ಮತ್ತು ತೋಶಿಯೊ ಫುಜಿತಾರ ಪ್ರಬಂಧ 1964ರದು. ಎಣ್ಣೆಯ ಒಲವು ಹೆಚ್ಚಿದಷ್ಟೂ ಲಾಭ ಹೆಚ್ಚುತ್ತ ಹೋಗುವುದಿಲ್ಲ, ಒಂದು ಹಂತದ ನಂತರ ಇಳಿಯುತ್ತದೆ ಎಂಬುದು ಅವರ ಮುಖ್ಯ ಫಲಿತಾಂಶ. ತೀರ ಎಣ್ಣೆಪ್ರಿಯವಾದ ಅಣು ನೀರಿನಲ್ಲಿ ಕರಗದೆ, ಸಿಕ್ಕ ಮೊದಲ ಪೊರೆಯಲ್ಲೇ ಉಳಿದುಬಿಡುತ್ತದೆ. 1997ರಲ್ಲಿ ಫೈಝರ್ ಕಂಪನಿಯ ಕ್ರಿಸ್ಟೊಫರ್ ಲಿಪಿನ್ಸ್ಕಿ ಇದನ್ನೆಲ್ಲ ಸರಳ ಎಚ್ಚರಿಕೆಯಾಗಿ ಇಳಿಸಿದರು: ಅಣುತೂಕ 500, ಆಕ್ಟನಾಲ್ ಲಾಗರಿದಂ 5, ಜಲಜನಕ ಬಂಧ ಕೊಡುವ ಗುಂಪುಗಳು 5, ಪಡೆಯುವವು 10, ಇವುಗಳಲ್ಲಿ ಎರಡನ್ನು ಮೀರಿದರೆ ಬಾಯಿಯ ಮೂಲಕ ಕೊಡುವ ಔಷಧವಾಗುವುದು ಕಷ್ಟ. ವಾಹಕ ಪ್ರೋಟೀನುಗಳ ನೆರವಿನಿಂದ ದಾಟುವ ಔಷಧಗಳಿಗೆ ಈ ನಿಯಮ ಅನ್ವಯಿಸದು ಎಂದು ಅದೇ ಪ್ರಬಂಧ ಹೇಳಿತ್ತು. ಕಣ್ಣು ಮುಚ್ಚಿ ಅನುಸರಿಸಿದವರು ಆ ವಾಕ್ಯವನ್ನು ಓದದೆ ಬಿಟ್ಟರೆನ್ನಬೇಕು.

ವಾಹಕಗಳ ಮಹತ್ವವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆ. ಆ ಕಾಯಿಲೆಯಲ್ಲಿ ಮಿದುಳಿಗೆ ಬೇಕಾದದ್ದು ಡೋಪಮೈನ್. ಅದನ್ನು ರಕ್ತಕ್ಕೆ ಕೊಟ್ಟರೆ ಮಿದುಳಿಗೆ ಹೋಗುವುದಿಲ್ಲ. ಮಿದುಳಿನ ಲೋಮನಾಳಗಳ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದಂತಿದ್ದು, ನಡುವೆ ಸಂದೇ ಇಲ್ಲವೆಂಬುದನ್ನು ರೀಸ್ ಮತ್ತು ಕಾರ್ನೊವ್‌ಸ್ಕಿ 1967ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದರು. ಡೋಪಮೈನಿನ ಪೂರ್ವರೂಪವಾದ ಲೆವೊಡೋಪಾ ಅದಕ್ಕಿಂತ ಇನ್ನಷ್ಟು ಆವೇಶ ಹೊತ್ತ ಅಣು; ಎಣ್ಣೆಯ ನಿಯಮದ ಪ್ರಕಾರ ಅದಂತೂ ದಾಟಲೇಬಾರದು. ಆದರೆ ಅದು ಅಮೈನೊ ಆಮ್ಲ. ಮಿದುಳಿಗೆ ದೊಡ್ಡ ಅಮೈನೊ ಆಮ್ಲಗಳನ್ನು ಒಯ್ಯುವ ವಾಹಕ ಅದನ್ನೂ ಒಯ್ಯುತ್ತದೆ. ಒಳಗೆ ಹೋದ ಮೇಲೆ ಕಿಣ್ವವೊಂದು ಅದನ್ನು ಡೋಪಮೈನ್ ಆಗಿ ಬದಲಿಸುತ್ತದೆ. 1967ರಲ್ಲಿ ಜಾರ್ಜ್ ಕೋಟ್ಜಿಯಾಸ್ ಡೋಪಾದ ಪ್ರಮಾಣವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಕೊಟ್ಟು ರೋಗಿಗಳ ಚಲನೆ ಮರಳುವುದನ್ನು ತೋರಿಸಿದಾಗ ಈ ಚಿಕಿತ್ಸೆ ನೆಲೆಯಾಯಿತು. ಇದರ ಜೊತೆಗೆ ಕೊಡುವ ಕಾರ್ಬಿಡೋಪಾ ಆ ಕಿಣ್ವವನ್ನು ತಡೆಯುತ್ತದೆ, ಆದರೆ ತಾನು ಮಿದುಳಿಗೆ ದಾಟಲಾರದು. ಆ ಅಸಾಮರ್ಥ್ಯವೇ ಅದರ ಉಪಯೋಗ: ದೇಹದ ಉಳಿದ ಕಡೆ ಲೆವೊಡೋಪಾ ವ್ಯರ್ಥವಾಗದಂತೆ ತಡೆದು, ಮಿದುಳಿನಲ್ಲಿ ಮಾತ್ರ ಬದಲಾವಣೆಗೆ ಎಡೆಮಾಡುತ್ತದೆ. ಮಾಂಸ, ಮೊಟ್ಟೆ, ಬೇಳೆ ಹೆಚ್ಚಿರುವ ಊಟದ ಜೊತೆ ನುಂಗಿದ ಲೆವೊಡೋಪಾ ಕೆಲವರಲ್ಲಿ ಸರಿಯಾಗಿ ಕೆಲಸ ಮಾಡದಿರುವುದಕ್ಕೂ ಕಾರಣ ಇಲ್ಲಿದೆ. ಊಟದ ಅಮೈನೊ ಆಮ್ಲಗಳು ಅದೇ ವಾಹಕಕ್ಕೆ ಪೈಪೋಟಿ ಮಾಡುತ್ತವೆ. ನಮ್ಮ ಬೇಲಿಗಳ ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಇರುವುದನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಮದರಾಸಿನ ವಿಜ್ಞಾನಿಗಳು 1937ರಲ್ಲೇ ಪ್ರಕಟಿಸಿದ್ದರು. ಆಗ ಅದರ ಈ ಉಪಯೋಗ ಯಾರಿಗೂ ತಿಳಿದಿರಲಿಲ್ಲ.

ಕರುಳಿನಲ್ಲಿ ಸಣ್ಣ ಪೆಪ್ಟೈಡುಗಳನ್ನು ಹೀರುವ ವಾಹಕವೂ ಹೀಗೆ ಔಷಧಗಳಿಗೆ ದಾರಿಕೊಡುತ್ತದೆ. ಸೆಫಾಲೆಕ್ಸಿನ್ ಎಂಬ ಪ್ರತಿಜೈವಿಕ ಬಾಯಿಯ ಮೂಲಕ ಚೆನ್ನಾಗಿ ಸೇರುವುದು ಅದರಿಂದಲೇ. ಹರ್ಪಿಸ್ ವೈರಾಣುವಿನ ಔಷಧ ಅಸೈಕ್ಲೊವಿರ್ ನುಂಗಿದರೆ ಶೇಕಡಾ 20ರಷ್ಟೋ ಅದಕ್ಕೂ ಕಡಿಮೆಯೋ ರಕ್ತಕ್ಕೆ ಸೇರುತ್ತದೆ. ಅದಕ್ಕೆ ವ್ಯಾಲಿನ್ ಎಂಬ ಅಮೈನೊ ಆಮ್ಲ ಜೋಡಿಸಿದ ವ್ಯಾಲಸೈಕ್ಲೊವಿರ್ ರೂಪದಲ್ಲಿ ಕೊಟ್ಟರೆ ಅರ್ಧಕ್ಕಿಂತ ತುಸು ಹೆಚ್ಚು.

ಒಳಕ್ಕೆ ಒಯ್ಯುವ ಪ್ರೋಟೀನುಗಳಿರುವಂತೆ ಹೊರಕ್ಕೆ ದಬ್ಬುವವೂ ಇವೆ. ಇವು ಬೆಳಕಿಗೆ ಬಂದದ್ದು ಕ್ಯಾನ್ಸರ್ ಸಂಶೋಧನೆಯಲ್ಲಿ. ಕೆಲವು ಗೆಡ್ಡೆಗಳು ಒಂದು ಔಷಧಕ್ಕೆ ಬಗ್ಗದಾದೊಡನೆ, ಎಂದೂ ಕಾಣದ ಬೇರೆ ಔಷಧಗಳಿಗೂ ಬಗ್ಗದಾಗುತ್ತಿದ್ದವು. 1973ರಲ್ಲಿ ಡೆನ್ಮಾರ್ಕಿನ ಕೆಲ್ಡ್ ಡಾನೊ, ಅಂಥ ಕೋಶಗಳು ಒಳಬಂದ ಡೌನೊಮೈಸಿನ್ ಅನ್ನು ಶಕ್ತಿ ಬಳಸಿ ಹೊರಹಾಕುತ್ತಿವೆಯೆಂದು ತೋರಿಸಿದರು. 1976ರಲ್ಲಿ ಟೊರಾಂಟೊದ ರುಡಾಲ್ಫ್ ಜೂಲಿಯಾನೊ ಮತ್ತು ವಿಕ್ಟರ್ ಲಿಂಗ್, ಕಾಲ್ಚಿಸಿನ್‌ಗೆ ಬಗ್ಗದ ಹ್ಯಾಮ್‌ಸ್ಟರ್ ಕೋಶಗಳ ಪೊರೆಯಲ್ಲಿ ಸುಮಾರು 1,70,000 ಅಣುತೂಕದ ಪ್ರೋಟೀನೊಂದನ್ನು ಗುರುತಿಸಿದರು. ಅದೇ ಪಿ-ಗ್ಲೈಕೊಪ್ರೋಟೀನ್. ರಚನೆಯಲ್ಲಿ ಸಂಬಂಧವೇ ಇಲ್ಲದ ನೂರಾರು ಔಷಧಗಳನ್ನು ಈ ಪಂಪು ಗುರುತಿಸುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿರುವುದು ಎಣ್ಣೆಯ ಒಲವು. ಪಂಪು ಅವನ್ನು ಹಿಡಿಯುವುದು ನೀರಿನಲ್ಲಲ್ಲ, ಕೊಬ್ಬಿನ ಪದರದ ಒಳಗೇ. ಓವರ್ಟನ್ ತೋರಿಸಿದ ದಾರಿಯಲ್ಲಿ ಬರುವ ಅಣುವನ್ನು ಆ ದಾರಿಯ ಮಧ್ಯದಲ್ಲೇ ಹಿಡಿದು ಹಿಂದಕ್ಕೆ ಕಳುಹಿಸುವ ವ್ಯವಸ್ಥೆ ಇದು. ಪಂಪನ್ನು ತಡೆದು ಕ್ಯಾನ್ಸರ್ ಔಷಧವನ್ನು ಕೋಶದಲ್ಲೇ ಉಳಿಸುವ ಚಿಕಿತ್ಸಾ ಪ್ರಯೋಗಗಳು ಹಲವು ವರ್ಷ ನಡೆದರೂ ನಿರೀಕ್ಷಿಸಿದ ಫಲ ಕೊಡಲಿಲ್ಲ. ಆರೋಗ್ಯವಂತ ದೇಹದಲ್ಲಿ ಆ ಪಂಪಿಗೆ ಏನು ಕೆಲಸ ಎಂಬುದು ಮಾತ್ರ ಒಂದು ಆಕಸ್ಮಿಕದಿಂದ ತಿಳಿಯಿತು.

ಆಮ್‌ಸ್ಟರ್‌ಡ್ಯಾಮಿನ ನೆದರ್‌ಲ್ಯಾಂಡ್ಸ್ ಕ್ಯಾನ್ಸರ್ ಸಂಸ್ಥೆಯಲ್ಲಿ ಆಲ್ಫ್ರೆಡ್ ಶಿಂಕೆಲ್, ಪೀಟ್ ಬೋರ್ಸ್ಟ್ ಮತ್ತು ಸಂಗಡಿಗರು ಈ ಪಂಪಿನ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿದ್ದರು. ಇಲಿಗಳು ಎಲ್ಲ ವಿಧದಲ್ಲೂ ಸಹಜವಾಗಿದ್ದವು. ಪ್ರಾಣಿಶಾಲೆಯಲ್ಲಿ ನುಸಿಕಾಟವಾದಾಗ ವಾಡಿಕೆಯಂತೆ ಐವರ್ಮೆಕ್ಟಿನ್ ಸಿಂಪಡಿಸಲಾಯಿತು. ಜೀನ್ ಇದ್ದ ಇಲಿಗಳಿಗೆ ಏನೂ ಆಗಲಿಲ್ಲ. ಎರಡೂ ಪ್ರತಿಗಳನ್ನು ಕಳೆದುಕೊಂಡಿದ್ದವು ಹೆಚ್ಚುಕಡಿಮೆ ಎಲ್ಲವೂ ಸತ್ತವು. ಅಳೆದು ನೋಡಿದಾಗ ಅವುಗಳ ಮಿದುಳಿನಲ್ಲಿ ಐವರ್ಮೆಕ್ಟಿನ್ ಸಾಮಾನ್ಯ ಇಲಿಗಳಿಗಿಂತ 87 ಪಟ್ಟು ಸೇರಿಕೊಂಡಿತ್ತು. ಐವರ್ಮೆಕ್ಟಿನ್ ಹುಳುಗಳ ನರಗಳ ಕ್ಲೋರೈಡ್ ನಾಳಗಳನ್ನು ತೆರೆದು ಅವನ್ನು ನಿಶ್ಚಲಗೊಳಿಸುತ್ತದೆ. ಅದಕ್ಕೆ ಸ್ಪಂದಿಸಬಲ್ಲ ನಾಳಗಳು ಸಸ್ತನಿಗಳ ಮಿದುಳಿನಲ್ಲೂ ಇವೆ. ಮನುಷ್ಯನಿಗೆ ಅದು ಸುರಕ್ಷಿತವಾಗಿರುವುದಕ್ಕೆ ದೊಡ್ಡ ಕಾರಣ, ಮಿದುಳಿನ ಲೋಮನಾಳಗಳ ಪೊರೆಯಲ್ಲಿರುವ ಈ ಪಂಪು ಅದನ್ನು ಬಿಡದೆ ರಕ್ತಕ್ಕೆ ಮರಳಿಸುವುದು. 1994ರಲ್ಲಿ ಪ್ರಕಟವಾದ ಈ ಅಧ್ಯಯನ, ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ಕುರಿತ ತಿಳಿವಳಿಕೆಯನ್ನೇ ಬದಲಿಸಿತು: ಆ ತಡೆ ಬಿಗಿಯಾದ ಗೋಡೆಯಷ್ಟೇ ಅಲ್ಲ, ಎಡೆಬಿಡದೆ ಶಕ್ತಿ ವ್ಯಯಿಸುವ ಕ್ರಿಯೆ. ಕಾಲಿ ತಳಿಯ ನಾಯಿಗಳು ಐವರ್ಮೆಕ್ಟಿನ್‌ಗೆ ಕುಸಿದುಬೀಳುವುದು 1980ರ ದಶಕದಿಂದಲೂ ಪಶುವೈದ್ಯರಿಗೆ ಗೊತ್ತಿತ್ತು. ಅವುಗಳ ಅದೇ ಜೀನಿನಲ್ಲಿ ನಾಲ್ಕು ಅಕ್ಷರಗಳು ಅಳಿಸಿಹೋಗಿರುವುದು 2001ರಲ್ಲಿ ಪತ್ತೆಯಾಯಿತು. ಐವರ್ಮೆಕ್ಟಿನ್ ಕನ್ನಡನಾಡಿಗೂ ಹೊರತಲ್ಲ. ಆನೆಕಾಲು ರೋಗದ ನಿರ್ಮೂಲನೆಗೆ ಡಿಇಸಿ ಮತ್ತು ಆಲ್ಬೆಂಡಝೋಲ್ ಜೊತೆಗೆ ಅದನ್ನೂ ಸೇರಿಸಿ ಮೂರು ಔಷಧಗಳನ್ನು ಸಾಮೂಹಿಕವಾಗಿ ನುಂಗಿಸುವ ಕ್ರಮ ದೇಶದಲ್ಲಿ ಮೊದಮೊದಲು ಬಂದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು.

ಭೇದಿಗೆ ಕೊಡುವ ಲೋಪರಮೈಡ್ ಅಫೀಮಿನ ಗುಂಪಿಗೆ ಸೇರಿದ್ದರೂ ಅಮಲು ತರಿಸದಿರುವುದು ಇದೇ ಪಂಪಿನಿಂದ. ಹೃದಯದ ಔಷಧ ಡಿಗಾಕ್ಸಿನ್ ಕರುಳು ಮತ್ತು ಮೂತ್ರಪಿಂಡಗಳಲ್ಲಿ ಈ ಪಂಪಿನ ಮೂಲಕ ಹೊರಹೋಗುತ್ತದೆ. ವೆರಾಪಮಿಲ್ ಪಂಪನ್ನು ತಡೆಯುವುದರಿಂದ ಎರಡನ್ನೂ ಒಟ್ಟಿಗೆ ಕೊಟ್ಟರೆ ರಕ್ತದಲ್ಲಿ ಡಿಗಾಕ್ಸಿನ್ ಅಪಾಯಕರ ಮಟ್ಟಕ್ಕೆ ಏರಬಹುದು. ಕ್ಷಯರೋಗದ ರಿಫಾಂಪಿಸಿನ್ ಇದಕ್ಕೆ ವಿರುದ್ಧ. ಅದು ಕರುಳಿನಲ್ಲಿ ಪಂಪಿನ ಪ್ರಮಾಣವನ್ನೇ ಹೆಚ್ಚಿಸಿ ಡಿಗಾಕ್ಸಿನ್ ಸಾಲದಂತೆ ಮಾಡುತ್ತದೆ. ಸೇವಿಸುತ್ತಿರುವ ಎಲ್ಲ ಔಷಧಗಳ ಹೆಸರನ್ನು ವೈದ್ಯರಿಗೆ ತಿಳಿಸಬೇಕೆಂಬ ಸಲಹೆಯ ಹಿಂದೆ ಇಂಥ ನಿಖರವಾದ ಕಾರಣಗಳಿವೆ.

ಇಷ್ಟು ವಾಹಕಗಳು, ಪಂಪುಗಳು ಕಂಡ ಮೇಲೆ ಎಣ್ಣೆಯ ದಾರಿ ಎಂಬುದೇ ಇದೆಯೇ ಎಂಬ ಪ್ರಶ್ನೆಯೂ ಬಂತು. ಮ್ಯಾಂಚೆಸ್ಟರಿನ ಪಾಲ್ ಡಾಬ್ಸನ್ ಮತ್ತು ಡಗ್ಲಸ್ ಕೆಲ್ 2008ರಲ್ಲಿ, ಔಷಧಗಳು ಕೋಶವನ್ನು ಹೊಗುವುದು ಮುಖ್ಯವಾಗಿ ವಾಹಕಗಳ ಮೂಲಕವೇ ಎಂದು ವಾದಿಸಿದರು. ಔಷಧ ಸಂಶೋಧಕರ ದೊಡ್ಡ ಗುಂಪೊಂದು 2010ರಲ್ಲಿ ಅದಕ್ಕೆ ಉತ್ತರಿಸಿ, ಎರಡು ದಾರಿಗಳೂ ಒಟ್ಟಿಗೆ ಇವೆ, ಯಾವುದು ಮೇಲುಗೈ ಎಂಬುದು ಔಷಧವನ್ನೂ ಅಂಗಾಂಶವನ್ನೂ ಅವಲಂಬಿಸಿದೆ ಎಂದಿತು. ಈ ಎರಡನೆಯ ನಿಲುವಿಗೆ ಆಧಾರ ಹೆಚ್ಚು. ಯಾವ ಪ್ರೋಟೀನೂ ಇಲ್ಲದ ಕೃತಕ ಕೊಬ್ಬಿನ ಪದರವನ್ನೂ ಎಷ್ಟೋ ಔಷಧಗಳು ದಾಟುತ್ತವೆ. 1998ರಲ್ಲಿ ರೋಷ್ ಕಂಪನಿಯ ಮಾನ್ಫ್ರೆಡ್ ಕಾನ್ಸಿ ರೂಪಿಸಿದ ಪರೀಕ್ಷೆ ಇದನ್ನೇ ಅಳೆಯುತ್ತದೆ. ಇನ್ನೊಂದೆಡೆ, ಮನುಷ್ಯನ ದೊಡ್ಡ ಕರುಳಿನ ಗೆಡ್ಡೆಯಿಂದ ಬಂದ ಕ್ಯಾಕೊ-2 ಕೋಶಗಳನ್ನು ಜಾಲರಿಯ ಮೇಲೆ ಒಂದೇ ಪದರವಾಗಿ ಬೆಳೆಸಿ, ಔಷಧವನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ, ಒಮ್ಮೆ ಕೆಳಗಿನಿಂದ ಮೇಲಕ್ಕೆ ಹಾಯಿಸಿದರೆ ಎರಡು ವೇಗಗಳು ಬೇರೆಯಾಗಿ ಕಾಣುವುದುಂಟು. ಆ ವ್ಯತ್ಯಾಸ ಪಂಪಿನ ಕೆಲಸ. ಇಂಥ ಅಳತೆಗಳ ಆಧಾರದ ಮೇಲೆ ಗಾರ್ಡನ್ ಅಮಿಡನ್ ಮತ್ತು ಸಂಗಡಿಗರು 1995ರಲ್ಲಿ ಔಷಧಗಳನ್ನು ಕರಗುವಿಕೆ ಮತ್ತು ದಾಟುವಿಕೆಯ ಪ್ರಕಾರ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಚೆನ್ನಾಗಿ ಕರಗಿ ಚೆನ್ನಾಗಿ ದಾಟುವ ಔಷಧದ ಜೆನೆರಿಕ್ ರೂಪಕ್ಕೆ, ಕೆಲವು ಷರತ್ತುಗಳ ಮೇಲೆ, ಮನುಷ್ಯರ ಮೇಲಿನ ಹೋಲಿಕೆ ಪರೀಕ್ಷೆಯಿಂದ ವಿನಾಯಿತಿ ಸಿಗುವುದು ಈ ವಿಂಗಡಣೆಯಿಂದ.

ಪ್ರೋಟೀನ್ ಜಾತಿಯ ದೊಡ್ಡ ಔಷಧಗಳಿಗೆ ಈ ಯಾವ ದಾರಿಯೂ ಸುಲಭವಲ್ಲ. ಇನ್ಸುಲಿನ್ ಬಳಕೆಗೆ ಬಂದು ನೂರು ವರ್ಷ ದಾಟಿದರೂ ಅದನ್ನು ಹೆಚ್ಚಾಗಿ ಚುಚ್ಚಿಯೇ ಕೊಡಬೇಕಾಗಿದೆ. ಮಧುಮೇಹಕ್ಕೆ ಕೊಡುವ ಪೆಪ್ಟೈಡ್ ಔಷಧ ಸೆಮಗ್ಲುಟೈಡ್ 2019ರಲ್ಲಿ ಅಮೆರಿಕದಲ್ಲಿ ಮಾತ್ರೆಯಾಗಿ ಒಪ್ಪಿಗೆ ಪಡೆದದ್ದು ಈ ದೃಷ್ಟಿಯಿಂದ ದೊಡ್ಡ ಸಾಧನೆ. ಮಾತ್ರೆಯಲ್ಲಿ ಬೆರೆಸಿರುವ 300 ಮಿಲಿಗ್ರಾಂ ಕೊಬ್ಬಿನಾಮ್ಲದ ಉತ್ಪನ್ನವೊಂದು ಜಠರದ ಗೋಡೆಗೆ ತಾಗಿದ ಜಾಗದಲ್ಲಿ ಆಮ್ಲೀಯತೆಯನ್ನು ತಗ್ಗಿಸಿ, ಪೊರೆಯನ್ನು ಸ್ವಲ್ಪ ಹೊತ್ತು ಸಡಿಲಿಸಿ, ಔಷಧಕ್ಕೆ ಎಡೆಮಾಡುತ್ತದೆ. ಅದನ್ನು ಖಾಲಿ ಹೊಟ್ಟೆಯಲ್ಲಿ, 120 ಮಿಲಿಲೀಟರಿಗೆ ಮೀರದ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಏನನ್ನೂ ತಿನ್ನಬಾರದೆಂಬ ಕಟ್ಟುನಿಟ್ಟು ಅದಕ್ಕಾಗಿಯೇ. ಹೀಗೆಲ್ಲ ಮಾಡಿದರೂ ಸುಮಾರು ಶೇಕಡಾ 1ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ವಾರಕ್ಕೊಮ್ಮೆ 0.5 ಮಿಲಿಗ್ರಾಂ ಚುಚ್ಚುಮದ್ದಿನಿಂದ ಆಗುವ ಕೆಲಸಕ್ಕೆ ದಿನಕ್ಕೆ 14 ಮಿಲಿಗ್ರಾಂ, ಅಂದರೆ ವಾರಕ್ಕೆ 98 ಮಿಲಿಗ್ರಾಂ ನುಂಗಬೇಕಾಗುತ್ತದೆ. ಉಳಿದದ್ದು ಪೊರೆಯನ್ನು ದಾಟದೆಯೇ ನಾಶವಾಗುತ್ತದೆ.